ಗ್ವಾರುಮೊ ಮರದ ತಗಡು

ಫೆಬ್ರವರಿ ಒಂಬತ್ತು, ಸೋಮವಾರ, ಬೆಳಗ್ಗೆ ಏಳೂವರೆ. ಗಾಂಬೋವಾ ಪೊಲೀಸ್ ಠಾಣೆಯಲ್ಲಿ ಕಾಫಿ ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲೇ ದೂರು ಬಂದು ಕೂತಿತ್ತು. ದೂರುದಾರೆ ನೆಡೆಲ್ಕಾ ಪಿತ್ತಿ, ಊರಾಚೆಯ ಕಾಡುಪ್ರಾಣಿ ಆರೈಕೆ ಕೇಂದ್ರದ ವೈದ್ಯೆ. ಭಾನುವಾರ ಕತ್ತಲಾದ ಮೇಲೆ ಕೇಂದ್ರದ ಗೂಡಿನಿಂದ ಒಂದು ಸೋಮಾರಿಯನ್ನು ಯಾರೋ ಕದ್ದಿದ್ದಾರೆ ಎಂಬುದು ಅವಳ ಹೇಳಿಕೆ.

ಸ್ಲಾತ್ ಎಂಬ ಮರವಾಸಿಯನ್ನು ಪನಾಮಾ ಕಾಲುವೆಯ ದಂಡೆಯ ಜನ ಸೋಮಾರಿ ಎಂದೇ ಕರೆಯುವುದು. ಕಾನ್‌ಸ್ಟೇಬಲ್ ಮೆಲ್ವಿನ್ ಬ್ರಾತ್‌ವೇಟ್ ಪೆನ್ನು ಬಿಚ್ಚುವ ಮೊದಲೇ ಬಾಯಿ ಬಿಚ್ಚಿದ.

"ಸೋಮಾರಿ ತಪ್ಪಿಸ್ಕೊಂಡ್ತಾ ಡಾಕ್ಟರಮ್ಮ? ಹಾಗಾದ್ರೆ ಗಾಬರಿ ಯಾಕೆ, ಇನ್ನೂ ನಿಮ್ಮ ಗೇಟು ದಾಟಿರಲ್ಲ."

ನೆಡೆಲ್ಕಾ ನಗಲಿಲ್ಲ. ಮರಿಯಿದ್ದಾಗ ರಸ್ತೆಯಲ್ಲಿ ಸಿಕ್ಕಿದ್ದು, ಎಡಗೈ ಮುರಿದು ಸೊಟ್ಟಗೆ ಕೂಡಿಕೊಂಡಿದ್ದು, ಬಾಟಲಿ ಹಾಲು ಕುಡಿಸಿ ಸಾಕಿದ್ದು ಎಲ್ಲವನ್ನೂ ಹೇಳಿದಳು. ಹೆಸರು ಪ್ರಿಸಾ, ಅಂದರೆ ಅವಸರ. ಕಾಡಿನಲ್ಲಿ ಬಿಟ್ಟರೆ ಬದುಕುವ ಜೀವವಲ್ಲ. ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡಳು. ಮೆಲ್ವಿನ್ ತಲೆ ತಗ್ಗಿಸಿ ಎಫ್‌ಐಆರ್ ಬರೆಯತೊಡಗಿದ.

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಇಡಾನಿಯಾ ಕ್ವಿಂತೆರೊ ಎದ್ದು ಬಂದಳು. ಅನುಮಾನ ಇಡಾನಿಯಾಗೆ ಕಸುಬಷ್ಟೇ ಅಲ್ಲ, ಹುಟ್ಟುಗುಣ. ಹೆತ್ತವ್ವ ಕಾಫಿ ಕೊಟ್ಟರೂ ಸಕ್ಕರೆ ಹಾಕಿದ್ದೀಯಾ ಎಂದು ಎರಡು ಸಲ ಕೇಳುವವಳು. ಅವಳು ಮೊದಲು ಅನುಮಾನಪಟ್ಟದ್ದು ಎದುರಿಗೆ ಕಣ್ಣೊರೆಸಿಕೊಳ್ಳುತ್ತಿದ್ದ ವೈದ್ಯೆಯನ್ನೇ. ಮಾರಿಕೊಂಡು ಕಳವೆಂದು ಅಳುವವರು ಲೋಕದಲ್ಲಿ ಕಡಿಮೆಯೇನಿಲ್ಲ.

ಹತ್ತು ಗಂಟೆಗೆ ಕೇಂದ್ರದಲ್ಲಿ ಪಂಚನಾಮೆ ನಡೆಯಿತು. ಗೂಡಿನ ಬೀಗ ಮುರಿದಿರಲಿಲ್ಲ. ಬೀಗವೇ ಇರಲಿಲ್ಲ, ಮರದ ಅಗುಳಿಯೊಂದಿತ್ತು. ಅದನ್ನು ಮೇಲೆತ್ತಿ ಪಕ್ಕಕ್ಕೆ ಸರಿಸಬೇಕು, ಸುಮ್ಮನೆ ಎಳೆದರೆ ಬರುವುದಿಲ್ಲ. ಗೊತ್ತಿದ್ದವರ ಕೆಲಸ. ರಸ್ತೆಯ ಗೇಟಿನ ಕಾವಲುಗಾರ ನರಪಿಳ್ಳೆಯೂ ದಾಟಿಲ್ಲ ಎಂದು ಆಣೆ ಇಟ್ಟ. ಹಾಗಾದರೆ ಕಳ್ಳ ಬಂದದ್ದು ಕೇಂದ್ರದ ಹಿಂದಿನ ಚಾಗ್ರೆಸ್ ಹೊಳೆಯಿಂದ. ಗೂಡಿನೊಳಗೆ ಬಾಡಿದ ಕೆಂಪು ದಾಸವಾಳಗಳು ಬಿದ್ದಿದ್ದವು. ಅದು ಪ್ರಿಸಾಗೆ ಮಿಠಾಯಿ ಇದ್ದ ಹಾಗೆ, ಒಂದು ಹೂ ತೋರಿಸಿದರೆ ಯಾರ ಹೆಗಲಿಗಾದರೂ ಏರುತ್ತಾಳೆ ಎಂದಳು ನೆಡೆಲ್ಕಾ. ಅಗುಳಿ ತೆಗೆಯಲು ಯಾರಿಗೆಲ್ಲ ಬರುತ್ತದೆ ಎಂದು ಇಡಾನಿಯಾ ಕೇಳಿದಳು. ಊರಿಗೆಲ್ಲ ಬರುತ್ತದೆ, ಪ್ರವಾಸಿಗರನ್ನು ಕರೆತರುವ ಗೈಡುಗಳಿಗೆಲ್ಲ ಬರುತ್ತದೆ ಎಂದು ಉತ್ತರ ಬಂತು. ಭಾನುವಾರ ಸಂಜೆ ಹೊಳೆಯ ಕಟ್ಟೆಯ ಹತ್ತಿರ ನಿಂತಿದ್ದ ದೋಣಿ ಯಾರದೆಂದರೆ, ಕಾವಲುಗಾರನಿಗೆ ಅದೊಂದು ಮಾತ್ರ ನೆನಪಿತ್ತು: ಒಬ್ದುಲಿಯೊ ಮೆಂದಿಯೆತಾನದು.

ಒಬ್ದುಲಿಯೊ ಠಾಣೆಗೆ ಹೊಸಬನಲ್ಲ. ಕಾಡುಬೇಟೆಯ ಮಾಂಸ ಮಾರಿದ್ದಕ್ಕೆ ಹಿಂದೊಮ್ಮೆ ಶಿಕ್ಷೆಯಾಗಿತ್ತು. ನ್ಯಾಯಾಧೀಶರು ಅದನ್ನು ಅಮಾನತ್ತಿನಲ್ಲಿಟ್ಟು, ಇನ್ನೊಂದು ಸಲ ಕಾಡುಪ್ರಾಣಿಯ ವಿಷಯದಲ್ಲಿ ನಿನ್ನ ಹೆಸರು ಬಂದರೆ ಮೂರು ವರ್ಷ ಜೈಲು, ದೋಣಿಯ ಪರವಾನಗಿಯೂ ಶಾಶ್ವತವಾಗಿ ರದ್ದು ಎಂದು ಎಚ್ಚರಿಸಿ ಕಳಿಸಿದ್ದರು. ಹೆಂಡತಿ ತೀರಿಕೊಂಡ ಮನುಷ್ಯ, ಇರುವವಳು ಒಬ್ಬಳೇ ಮಗಳು, ಹೊಟ್ಟೆ ಹೊರೆಯುವುದು ಆ ದೋಣಿ.

ಮೂರು ದಿನ ಇಡಾನಿಯಾ ಊರನ್ನು ಜಾಲಾಡಿದಳು. ಬಂದರಿನಲ್ಲಿ ಪ್ರಾಣಿಗಳನ್ನು ಹೆಗಲಿಗೇರಿಸಿ ಫೋಟೋ ತೆಗೆಸುವವರನ್ನು ವಿಚಾರಿಸಿದಳು. ಹಡಗಿನಿಂದಿಳಿದ ಪ್ರವಾಸಿಗರನ್ನು ಕಾಡಿನ ದಾರಿಯಲ್ಲಿ ನಡೆಸಿ, ಆಮೇಲೆ ಕಾಲುವೆಯಲ್ಲಿ ದೋಣಿ ಹತ್ತಿಸಿ ಸುತ್ತಿಸುವ ಇಬ್ಬರು ಗೈಡುಗಳನ್ನೂ ಬಿಡಲಿಲ್ಲ. ಯರಿನೆಲ್ ಎಂಬ ಹುಡುಗಿ ಹೊಸಬಳು, ಬಾಯಿ ಜೋರು. ಈ ವಾರ ತಮ್ಮ ಅದೃಷ್ಟ ಖುಲಾಯಿಸಿದೆ, ಕಾಡುದಾರಿಯ ತಿರುವಿನ ಗ್ವಾರುಮೊ ಮರದಲ್ಲಿ ಒಂದು ಸೋಮಾರಿ ಬಂದು ಠಿಕಾಣಿ ಹೂಡಿದೆ, ಅತಿಥಿಗಳು ಕುಣಿದಾಡುತ್ತಿದ್ದಾರೆ ಎಂದು ಕೇಳದಿದ್ದರೂ ಹೇಳಿದಳು. ಕಾಡಿನ ಸೋಮಾರಿ ಕಾಡಿನ ಮರದಲ್ಲಿ ಕೂತರೆ ಅದರಲ್ಲೇನು ಎಂದು ಇಡಾನಿಯಾ ಅದನ್ನು ಅಲ್ಲಿಗೇ ಬಿಟ್ಟಳು.

ಇನ್ನೊಬ್ಬ ತೆಯೊಫಿಲೊ ಅರೌಸ್. ಅರವತ್ತು ದಾಟಿದವನು, ಊರಿಗೆಲ್ಲ ಮಾಸ್ತರು. ಎಲೆಯ ಹಿಂದೆ ಅಡಗಿದ ಹಸಿರು ಹಾವನ್ನು ನಡೆಯುತ್ತಲೇ ಗುರುತಿಸುವವನೆಂದು ಗಿಡುಗ ಎಂಬ ಅಡ್ಡಹೆಸರು ಬಂದಿತ್ತು. ಯಾರು ಕದ್ದಿರಬಹುದು ಎಂದು ಕೇಳಿದರೆ ಅವನು ನಿಧಾನವಾಗಿ ತಲೆಯಾಡಿಸಿ, ಪಾಪದ ಪ್ರಾಣಿ, ಬೇಗ ಹುಡುಕಿ ತಾಯಿ ಎಂದ. ಮುಖಕ್ಕೆ ಮುಖ ಕೊಡದೆ, ಇಡಾನಿಯಾಳ ಕಿವಿಯ ಪಕ್ಕಕ್ಕೆ ನೋಡುತ್ತ ಮಾತಾಡಿದ. ಮುದುಕರಿಗೆ ಪೊಲೀಸರೆಂದರೆ ಮುಜುಗರ ಎಂದುಕೊಂಡಳು.

ಗುರುವಾರ ಮಧ್ಯಾಹ್ನ ಒಬ್ದುಲಿಯೊನ ದೋಣಿಯ ಮಹಜರು ಮಾಡಿದಾಗ, ಮುಂದಿನ ಹಲಗೆಯ ಸಂದಿನಲ್ಲಿ ಒಂದು ಹಿಡಿ ಒರಟು ಕೂದಲು ಸಿಕ್ಕಿತು. ಬೂದು ಬಣ್ಣ, ಮೇಲೆ ಪಾಚಿಯ ಹಸಿರು. ಮೈಮೇಲೆ ಪಾಚಿ ಬೆಳೆಸಿಕೊಳ್ಳುವ ಪ್ರಾಣಿ ಅಲ್ಲಿ ಇನ್ನೊಂದಿಲ್ಲ. ಸಂಜೆ ಐದಕ್ಕೆ ಒಬ್ದುಲಿಯೊನನ್ನು ವಶಕ್ಕೆ ತೆಗೆದುಕೊಂಡಳು.

"ಭಾನುವಾರ ಸಂಜೆ ಎಲ್ಲಿದ್ದೆ?"

"ನೀರ ಮೇಲೆ."

"ಯಾರ ಜೊತೆ?"

"ಒಬ್ಬನೇ."

"ದೋಣಿಗೆ ಕೂದಲು ಹೇಗೆ ಬಂತು?"

"ಗೊತ್ತಿಲ್ಲ ಅಂದ್ರೆ ನೀವು ನಂಬಲ್ಲ. ಗೊತ್ತು ಅಂದ್ರೆ ನೀವು ಬಿಡಲ್ಲ."

"ನೀನು ಕದ್ದೆಯಾ?"

"ಇಲ್ಲ."

"ಮತ್ತೆ ಯಾರು?"

ಒಬ್ದುಲಿಯೊ ಗೋಡೆ ನೋಡಿದ. ಆಮೇಲೆ ಅವನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಮೂರು ವರ್ಷ ಒಳಗೆ ಹೋಗ್ತೀಯ, ನಾಳೆ ನಾಲ್ಕು ಗಂಟೆಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಲೇಬೇಕು, ಮಗಳ ಗತಿಯೇನು ಎಂದು ಮೆಲ್ವಿನ್ ಗದರಿಸಿದ, ಪುಸಲಾಯಿಸಿದ. ಮಗಳ ಮಾತೆತ್ತಿದರೂ ಅವನು ಗೋಡೆಯಿಂದ ಕಣ್ಣು ಕೀಳಲಿಲ್ಲ.

ಆ ಮಗಳು ಲಿದಿಯೆತ್. ಶುಕ್ರವಾರ ನಸುಕಿಗೇ ಅಪ್ಪನಿಗೆ ಹುರಿದ ಬಾಳೆಕಾಯಿ, ಮೊಟ್ಟೆ ಕಟ್ಟಿಕೊಂಡು ಬಂದಳು. ಒಬ್ಬಳೇ ಬಂದೆಯಾ ಎಂದು ಇಡಾನಿಯಾ ಕೇಳಿದಳು. ಧರ್ಮಪಿತ ಬರುತ್ತಾರೆ ಎಂದುಕೊಂಡಿದ್ದೆ, ರಾತ್ರಿಯೇ ಹೋಗಿ ಹೇಳಿದೆ, ಜ್ವರ ಅಂದರು ಎಂದಳು ಹುಡುಗಿ.

"ನಿನ್ನ ಧರ್ಮಪಿತ ಯಾರು?"

"ತೆಯೊಫಿಲೊ ಮಾಸ್ತರು."

ಇಡಾನಿಯಾ ಬಾಯಿಗಿಟ್ಟ ಕಾಫಿಯನ್ನು ಕೆಳಗಿಟ್ಟಳು.

ಮಗುವಿಗೆ ಜ್ಞಾನಸ್ನಾನ ಮಾಡಿಸುವಾಗ ಎತ್ತಿ ಹಿಡಿದವನಿಗೂ ಮಗುವಿನ ಅಪ್ಪನಿಗೂ ಅಂದಿನಿಂದ ನೆಂಟಸ್ತಿಕೆ. ಕೊಂಪಾದ್ರೆ ಎಂದು ಒಬ್ಬರನ್ನೊಬ್ಬರು ಕರೆಯುತ್ತಾರೆ. ಒಡಹುಟ್ಟಿದವರು ಜಗಳಾಡಿ ಮಾತು ಬಿಟ್ಟಾರು, ಕೊಂಪಾದ್ರೆಗಳು ಬಿಡುವಂತಿಲ್ಲ. ಒಬ್ಬ ಲಾಕಪ್ಪಿಗೆ ಬಿದ್ದರೆ ಇನ್ನೊಬ್ಬ ಹೆಂಡತಿ ಮಕ್ಕಳಿಗಿಂತ ಮೊದಲು ಬಂದು ಠಾಣೆಯ ಬೆಂಚಿನ ಮೇಲೆ ಕೂರುತ್ತಾನೆ. ಕುಡಿದು ಬಿದ್ದವನಿಗೂ ಬರುತ್ತಾರೆ, ಕೊಲೆ ಮಾಡಿದವನಿಗೂ ಬರುತ್ತಾರೆ. ಹದಿನೇಳು ವರ್ಷದ ನೌಕರಿಯಲ್ಲಿ ಇಡಾನಿಯಾ ಆ ಬೆಂಚು ಖಾಲಿ ಇದ್ದದ್ದನ್ನು ಕಂಡಿರಲಿಲ್ಲ. ಜ್ವರ ಬಂದರೆ ಕಂಬಳಿ ಹೊದ್ದು ಬರಬೇಕಿತ್ತು.

ಪ್ರವಾಸದ ಕಚೇರಿಗೆ ಫೋನು ಮಾಡಿ, ಇವತ್ತು ಕಾಡಿಗೆ ಯಾರು ಬರುತ್ತಾರೆ ಎಂದು ವಿಚಾರಿಸಿದಳು. ಯರಿನೆಲ್ ಒಂದು ಗುಂಪು, ತೆಯೊಫಿಲೊ ಮಾಸ್ತರು ಇನ್ನೊಂದು ಗುಂಪು ಎಂದರು. ಜ್ವರ ಇಳಿದಿರಬೇಕು.

ಕೊಂಪಾದ್ರೆ ಬರದೆ ಇರಬೇಕಾದರೆ, ಬಂದರೆ ಒಬ್ದುಲಿಯೊನ ಮುಖ ನೋಡಲಾಗದು ಎಂಬಂಥ ಕಾರಣವಿರಬೇಕು. ಒಬ್ದುಲಿಯೊ ಬಾಯಿ ಬಿಡದಿರಲೂ ಅದೇ ಕಾರಣ. ಒಬ್ಬ ಗೈಡು ಸೋಮಾರಿಯನ್ನು ಕದ್ದು ಏನು ಮಾಡುತ್ತಾನೆ? ಯರಿನೆಲ್ ಹೇಳಿದ್ದ ತಿರುವಿನ ಮರ ಆಗ ನೆನಪಾಯಿತು. ಛೆ, ನನ್ನ ಬುದ್ಧಿಗಿಷ್ಟು ಎಂದು ಇಡಾನಿಯಾ ತನ್ನನ್ನೇ ಬೈದುಕೊಂಡು, ವೈದ್ಯೆಯನ್ನೂ ಮೆಲ್ವಿನ್‌ನನ್ನೂ ಹತ್ತಿಸಿಕೊಂಡು ಜೀಪು ಓಡಿಸಿದಳು.

ಕಾಡಿನೊಳಗೆ ಆಗಷ್ಟೇ ಬೆಳಕು ಇಳಿಯುತ್ತಿತ್ತು. ಎಲ್ಲೋ ಕಪಿಗಳು ಊಳಿಡುತ್ತಿದ್ದವು. ತಿರುವಿನ ಗ್ವಾರುಮೊ ಮರದ ಬುಡದಲ್ಲಿ ಮೆಲ್ವಿನ್ ಬಗ್ಗಿ ಏನನ್ನೋ ಎತ್ತಿ ಅಂಗೈ ಮೇಲಿಟ್ಟು ತೋರಿಸಿದ: ಕೆಂಪು ದಾಸವಾಳದ ಎಸಳು. ಊರಿನ ಬೇಲಿಗಳಲ್ಲಿ ಬಿಟ್ಟರೆ ಆ ಕಾಡಿನಲ್ಲಿ ದಾಸವಾಳವಿಲ್ಲ. ತಲೆಯೆತ್ತರಕ್ಕಿಂತ ಮೇಲೆ ಕಾಂಡದ ಸುತ್ತ ಅಗಲವಾದ ತಗಡಿನ ಪಟ್ಟಿ ಹೊಡೆದಿತ್ತು. ತೊಗಟೆಯ ಬಣ್ಣ ಬಳಿದದ್ದರಿಂದ ದಾರಿಯಿಂದ ಕಾಣುತ್ತಿರಲಿಲ್ಲ. ಅದರ ಮೇಲೆ, ಕವಲಿನಲ್ಲಿ, ಒಂದು ಬೂದು ಮುದ್ದೆ.

"ಪ್ರಿಸಾ," ಎಂದಳು ನೆಡೆಲ್ಕಾ. ಮುದ್ದೆ ಬಹಳ ನಿಧಾನವಾಗಿ ಕುತ್ತಿಗೆ ತಿರುಗಿಸಿತು.

ತಗಡು ಯಾತಕ್ಕೆ ಎಂದು ಮೆಲ್ವಿನ್ ಕೇಳಿದ. ಉಗುರು ಜಾರುತ್ತದೆ, ಕೆಳಗೆ ಇಳಿಯಲಾಗುವುದಿಲ್ಲ, ಪಕ್ಕದ ಮರಕ್ಕೆ ದಾಟಲು ಕೊಂಬೆಯೂ ತಾಗುವುದಿಲ್ಲ ಎಂದಳು ವೈದ್ಯೆ. ಅವಳ ದನಿ ಸಿಟ್ಟಿಗೆ ಒಡೆದಿತ್ತು. ವಾರಕ್ಕೊಂದೇ ಸಲ ಈ ಪ್ರಾಣಿ ನೆಲಕ್ಕಿಳಿಯುವುದು, ಹೊಟ್ಟೆ ಖಾಲಿ ಮಾಡಿಕೊಳ್ಳಲು. ಜೀವ ಹೋದರೂ ಅದು ಮರದ ಮೇಲಿಂದ ಆ ಕೆಲಸ ಮಾಡದು. ಪ್ರಿಸಾಳ ಹೊಟ್ಟೆ ತಮಟೆಯಾಗಿತ್ತು. ಏಣಿ ಹಾಕಿ ಇಳಿಸಿ, ಟವೆಲ್ಲಿನಲ್ಲಿ ಸುತ್ತಿ, ವೈದ್ಯೆ ಅದನ್ನು ಎದೆಗವಚಿಕೊಂಡು ಜೀಪಿಗೆ ಓಡಿದಳು.

ತಗಡನ್ನು ಅಲ್ಲೇ ಬಿಡಲು ಇಡಾನಿಯಾ ಹೇಳಿದಳು. ಅದರ ಮೇಲಿನ ಬೆರಳಚ್ಚಿಗೆ ರಾಜಧಾನಿಯಿಂದ ವರದಿ ಬರುವಷ್ಟರಲ್ಲಿ ವಾರವಾಗುತ್ತದೆ, ಒಬ್ದುಲಿಯೊಗೆ ಉಳಿದಿದ್ದದ್ದು ನಾಲ್ಕು ಗಂಟೆಯವರೆಗೆ ಮಾತ್ರ. ಸೋಮಾರಿ ಸಾಗಿಸಲು ಅವನ ದೋಣಿ ಕರೆದ ಗೈಡು ಯಾರು ಎಂದು ಅಷ್ಟರೊಳಗೆ ಗೊತ್ತಾಗಬೇಕು. ಕೊಂಪಾದ್ರೆ ಬರಲಿಲ್ಲ ಎಂಬುದನ್ನು ಯಾವ ನ್ಯಾಯಾಧೀಶರೂ ಸಾಕ್ಷ್ಯವೆಂದು ಬರೆದುಕೊಳ್ಳುವುದಿಲ್ಲ. ಯರಿನೆಲ್‌ಳ ಬಾಯಿಯೂ ಸ್ವಲ್ಪ ಹೆಚ್ಚೇ ಉದ್ದ. ಖಾಲಿ ಮರ ಕಂಡಾಗ ಇಬ್ಬರಲ್ಲಿ ಯಾರು ಏನು ಮಾಡುತ್ತಾರೆ ನೋಡಬೇಕು. ಇಡಾನಿಯಾ ಸಮವಸ್ತ್ರದ ಮೇಲೆ ಮಳೆಯಂಗಿ ಹಾಕಿ, ಟೋಪಿ ಇಟ್ಟು, ದಾರಿಯ ಬದಿಯಲ್ಲಿ ಹಕ್ಕಿ ನೋಡುವವಳಂತೆ ನಿಂತಳು.

ಒಂಬತ್ತಕ್ಕೆ ಯರಿನೆಲ್‌ಳ ಗುಂಪು ಬಂತು. ಹಡಗಿನವರು, ಬಿಳಿ ಟೋಪಿ, ಮೂಗಿಗೆಲ್ಲ ಬಿಸಿಲಿನ ಮುಲಾಮು. ಹುಡುಗಿ ಮೂರು ಕಾಲಿನ ದುರ್ಬೀನು ಊರಿ, ಕವಲಿನತ್ತ ತಿರುಗಿಸಿ, ಮೊದಲು ತಾನು ಕಣ್ಣಿಟ್ಟಳು. ಹುಬ್ಬು ಗಂಟಾಯಿತು. ಇನ್ನೊಮ್ಮೆ ನೋಡಿದಳು. ಇವತ್ತು ಮಹಾರಾಣಿಯವರು ಅರಮನೆಯಲ್ಲಿಲ್ಲ, ಗೆದ್ದಲುಗೂಡು ಮಾತ್ರ ಇದೆ, ಮುಂದೆ ಟೂಕನ್ ಹಕ್ಕಿ ಹುಡುಕೋಣ ನಡೆಯಿರಿ ಎಂದು ಅತಿಥಿಗಳನ್ನು ಹೊರಡಿಸಿಕೊಂಡು ಹೋದಳು. ಅವಳ ಮೇಲಿನ ಅನುಮಾನವನ್ನು ಇಡಾನಿಯಾ ಅಲ್ಲಿಗೆ ಕೈಬಿಟ್ಟಳು.

ಸ್ವಲ್ಪ ಹೊತ್ತಿಗೆ ತೆಯೊಫಿಲೊ ಬಂದ. ನಡಿಗೆ ಸಲೀಸು, ಬೇರು ಎಲ್ಲಿದೆ ಗುಂಡಿ ಎಲ್ಲಿದೆ ಕಾಲಿಗೇ ಗೊತ್ತು. ಮರ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಕೈಯೆತ್ತಿ ಗುಂಪನ್ನು ತಡೆದು ಪಿಸುಗುಟ್ಟಿದ.

"ಶ್... ಯಾರೂ ಅಲುಗಾಡಬೇಡಿ. ಸಿಕ್ಕಿದಳು."

ಅತಿಥಿಗಳು ಉಸಿರು ಬಿಗಿಹಿಡಿದರು. ತೆಯೊಫಿಲೊ ದುರ್ಬೀನಿನ ಮೂರು ಕಾಲನ್ನು ನೆಲದಲ್ಲಿದ್ದ ಮೂರು ಹಳೆಯ ಕುಳಿಗಳಲ್ಲಿ ಪಾದದಿಂದ ತಡವಿ ಇಳಿಸಿದ. ಕತ್ತಿನ ತಿರುಪಿನ ಮೇಲೆ ಅಂಟಿಸಿದ್ದ ಪಟ್ಟಿಯನ್ನು ಹೆಬ್ಬೆರಳಲ್ಲಿ ಹುಡುಕಿ, ಅಲ್ಲಿಗೆ ಹೊಂದಿಸಿದ. ಕಣ್ಣಿಡಲಿಲ್ಲ. ಗೈಡಾದವನು ಮೊದಲು ತಾನು ನೋಡಿ ಆಮೇಲೆ ಅತಿಥಿಗೆ ಬಿಡುತ್ತಾನೆ. ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿದಂತೆ ಅದು ಕೈಗೆ ಬಂದ ಅಭ್ಯಾಸ. ಇವನು ನೇರವಾಗಿ ಪಕ್ಕಕ್ಕೆ ಸರಿದು, ಬನ್ನಿ ಅಮ್ಮಾ ಎಂದ.

ಮೊದಲು ಒಬ್ಬ ಅಜ್ಜಿ ನೋಡಿದಳು. ಅಯ್ಯೋ ಎಷ್ಟು ಮುದ್ದಾಗಿ ಮಲಗಿದೆ ಎಂದಳು. ಅವಳ ಗಂಡ ನೋಡಿ, ಹೌದು ಹೌದು, ಬೆನ್ನು ಕಾಣುತ್ತದೆ ಎಂದ. ಮೂರನೆಯವನು ಫೋನಿನಲ್ಲಿ ಫೋಟೋ ತೆಗೆದುಕೊಂಡ. ಇಷ್ಟು ದೂರ ಬಂದು ತನಗೊಬ್ಬನಿಗೇ ಕಾಣಲಿಲ್ಲ ಎನ್ನಲು ಯಾರಿಗೂ ಮನಸ್ಸಿರಲಿಲ್ಲ. ತೆಯೊಫಿಲೊ ಮಾತ್ರ ಮರದ ಕಡೆ ಬೆನ್ನು ಹಾಕಿ, ಇವಳು ವಾರಕ್ಕೊಮ್ಮೆ ಮಾತ್ರ ನೆಲಕ್ಕಿಳಿಯುತ್ತಾಳೆ, ಅದೂ ಯಾತಕ್ಕೆ ಗೊತ್ತೇ ಎಂದು ಕತೆ ಹೇಳುತ್ತಿದ್ದ. ಎಲ್ಲರೂ ನಕ್ಕರು.

ಸಾಲಿನ ಕೊನೆಯಲ್ಲಿ ಇಡಾನಿಯಾ ನಿಂತಿದ್ದಳು. ಬಗ್ಗಿ ಕಣ್ಣಿಟ್ಟಳು. ಗೆದ್ದಲುಗೂಡು.

"ಮಾಸ್ತರೇ," ಎಂದು ಮೆಲ್ಲಗೆ ತಮ್ಮ ಭಾಷೆಯಲ್ಲಿ ಕೇಳಿದಳು, "ಅದರ ಮುಖ ಯಾವ ಕಡೆ ಇದೆ?"

ದನಿಯ ಗುರುತು ಸಿಕ್ಕಿತು. ತೆಯೊಫಿಲೊ ಕತೆ ನಿಲ್ಲಿಸಿ ಅವಳ ಕಡೆ ತಿರುಗಿದ. ಆಮೇಲೆ, ಯಾವಾಗ ಇಳಿಸಿದಿರಿ ಎಂದ. ಬೆಳಗ್ಗೆ ಎಂದಳು.

"ಈ ಜನಾನ ಹಡಗು ಕಾಯಲ್ಲ ತಾಯಿ. ಇವರನ್ನ ಕಾಲುವೆ ತೋರಿಸಿ ಬಸ್ಸು ಹತ್ತಿಸ್ತೀನಿ. ಆಮೇಲೆ ನೀವು ಎಲ್ಲಿಗಂದ್ರೆ ಅಲ್ಲಿಗೆ."

ಇಡಾನಿಯಾ ಇದನ್ನೂ ಅನುಮಾನಪಟ್ಟಳು. ಕಾಲುವೆಯ ನೀರು ಆಳ, ಮಾನ ಹೋದವನಿಗೆ ಅದು ಹತ್ತಿರದ ದಾರಿ. ಆದರೂ ಪರದೇಶದವರನ್ನು ಕಾಡಿನ ನಡುವೆ ಬಿಟ್ಟು ಬರುವಂತಿರಲಿಲ್ಲ. ಮೆಲ್ವಿನ್‌ಗೆ ಕಟ್ಟೆಯಲ್ಲಿ ಕಾಯಲು ಹೇಳಿ, ದೋಣಿಯಲ್ಲಿ ಅವನ ತೋಳಿಗೆ ತೋಳು ತಾಗುವಂತೆ ಕೂತಳು.

ಬಿಸಿಲು ನೀರಿನ ಮೇಲೆ ಹರಡಿತ್ತು. ಬರುತ್ತಿರುವುದು ಪೆಟ್ಟಿಗೆ ಹೇರಿದ ಹಡಗು, ಹಿಂದೆಯೇ ಎಣ್ಣೆ ಹಡಗು ಎಂದು ತೆಯೊಫಿಲೊ ಇಂಜಿನ್ ಸದ್ದಿನಲ್ಲೇ ಹೇಳುತ್ತಿದ್ದ, ಒಂದೂ ತಪ್ಪಲಿಲ್ಲ. ಬೆಟ್ಟ ಕಡಿದವರ ಕತೆ, ಮುಳುಗಿದ ಊರುಗಳ ಕತೆ ಹೇಳಿದ. ಅಷ್ಟರಲ್ಲಿ ಅಜ್ಜಿ ದಡದ ಕಡೆ ಕೈ ತೋರಿಸಿ, ಅಲ್ಲೇನೋ ಮಲಗಿದೆಯಲ್ಲ, ಅದೇನು ಎಂದು ಕೇಳಿದಳು. ತೆಯೊಫಿಲೊ ಆ ಕಡೆ ಮುಖ ಮಾಡಿದ, ಒಮ್ಮೆ ಓರೆಯಾಗಿ ನೋಡಿದ, ಇನ್ನೊಮ್ಮೆ ನೋಡಿದ. ಅವನಿಗೆ ಅದು ಕಾಣುತ್ತಿಲ್ಲವೆಂದು ಇಡಾನಿಯಾಗೆ ತಿಳಿಯಿತು.

"ಮೊಸಳೆ," ಎಂದು ಅವನ ಕಿವಿಯ ಹತ್ತಿರ ಹೇಳಿದಳು. "ಕೆಸರಿನ ಮೇಲೆ. ದೊಡ್ಡದು. ಬಾಯಿ ತೆರ್ಕೊಂಡಿದೆ."

"ಅಮ್ಮಾ, ಅದು ನಮ್ಮೂರ ಮೊಸಳೆ," ಎಂದ ತೆಯೊಫಿಲೊ ದನಿಯೇರಿಸಿ. "ಬಾಯಿ ತೆರೆದಿರೋದು ಸಿಟ್ಟಿಗಲ್ಲ, ಸೆಕೆಗೆ." ದೋಣಿಯವರೆಲ್ಲ ಒಂದು ಬದಿಗೆ ವಾಲಿ ಫೋಟೋ ತೆಗೆದರು. ಆಮೇಲೆ ಕಟ್ಟೆ ಬರುವವರೆಗೂ ದಡದಲ್ಲಿ ಕಂಡದ್ದನ್ನೆಲ್ಲ ಇಡಾನಿಯಾ ಪಿಸುಗುಟ್ಟುತ್ತ ಹೋದಳು. ಆರೋಪಿಗೆ ಹೀಗೆ ನೆರವಾಗುವುದು ಯಾವ ಕೈಪಿಡಿಯಲ್ಲೂ ಇಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಅತಿಥಿಗಳು ಚಪ್ಪಾಳೆ ತಟ್ಟಿ, ಕೈ ಕುಲುಕಿ ಬಸ್ಸು ಹತ್ತಿದರು. ಬಸ್ಸು ತಿರುವು ದಾಟಿದ ಮೇಲೆ, ಮಧ್ಯಾಹ್ನ ಒಂದೂವರೆಗೆ, ತೆಯೊಫಿಲೊ ಅರೌಸ್‌ನನ್ನು ಬಂಧಿಸಲಾಯಿತು.

ಹೇಳಿಕೆಯಲ್ಲಿ ಅವನು ಏನನ್ನೂ ಬಚ್ಚಿಡಲಿಲ್ಲ. ಎರಡು ವರ್ಷದಿಂದ ಕಣ್ಣಿನ ನಡುವೆ ಕಪ್ಪು ಕಲೆ. ಪಕ್ಕದ್ದು ಕಾಣುತ್ತದೆ, ಎದುರಿನದು ಕಾಣುವುದಿಲ್ಲ. ವಾಸಿಯಾಗುವುದಲ್ಲ ಎಂದು ರಾಜಧಾನಿಯ ವೈದ್ಯರು ಹೇಳಿದ್ದರು. ಯಾರಿಗೂ ತಿಳಿಸಲಿಲ್ಲ. ಒಂದು ದಿನ ಅತಿಥಿಯೊಬ್ಬ ತನಗಿಂತ ಮೊದಲು ಸೋಮಾರಿಯನ್ನು ಕಂಡು, ಗಿಡುಗನಿಗೆ ವಯಸ್ಸಾಯಿತು ಎಂದು ನಕ್ಕ. ಆ ರಾತ್ರಿ ನಿದ್ದೆ ಬರಲಿಲ್ಲ. ಇಟ್ಟಲ್ಲೇ ಇರುವ ಒಂದು ಪ್ರಾಣಿ ಇದ್ದರೆ ಸಾಕೆನ್ನಿಸಿತು.

"ಒಬ್ದುಲಿಯೊ?"

"ಮೂಟೇಲಿ ಸಸಿ ಇದೆ ಅಂದಿದ್ದೆ."

"ಅವನು ನಿಮ್ಮ ಬದಲು ಜೈಲಿಗೆ ಹೋಗ್ತಾನೆ ಅಂತ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು. ಠಾಣೆಗೆ ಬರೋಣ ಅಂತ ನಿನ್ನೆ ರಾತ್ರಿ ಎರಡು ಸಲ ಚಪ್ಪಲಿ ಮೆಟ್ಟಿದೆ." ತೆಯೊಫಿಲೊ ಮುಖ ಒರೆಸಿಕೊಂಡ. "ಕಾಡು ತೋರಿಸೋದು ಬಿಟ್ಟು ನನಗೆ ಬೇರೆ ಏನೂ ಇಲ್ಲ ತಾಯಿ. ಮನೇಲಿ ಕೂತರೆ ನಾನು ಬರೀ ಕುರುಡ."

"ತಗಡು ಹೊಡೆದರೆ ಅವಳು ಇಳಿಯಕ್ಕಾಗಲ್ಲ ಅಂತಾನೂ ಗೊತ್ತಿತ್ತಾ?"

"ಮೂವತ್ತು ವರ್ಷದಿಂದ ಜನಕ್ಕೆ ಅದನ್ನೇ ಹೇಳ್ತಿದ್ದೀನಿ," ಎಂದ ಅವನು. ಆಮೇಲೆ, "ಇಳಿದಳಾ?" ಎಂದು ಕೇಳಿದ.

ಗೂಡಿಗೆ ಬಿಟ್ಟ ಕೂಡಲೇ ಇಳಿದಳು ಎಂದು ನೆಡೆಲ್ಕಾ ಫೋನು ಮಾಡಿದ್ದಳು. ಇಡಾನಿಯಾ ಅದನ್ನು ಹೇಳಿದಾಗ ಮುದುಕ ತೋಳಿನಲ್ಲಿ ಮುಖ ಮುಚ್ಚಿ ಅತ್ತ.

ಮೂರೂವರೆಗೆ ಒಬ್ದುಲಿಯೊನ ಬಿಡುಗಡೆಯ ಕಾಗದಕ್ಕೆ ಸಹಿ ಬಿತ್ತು. ಸಸಿ ಅಂದ, ಸಸಿ ಉಸಿರಾಡುತ್ತಾ, ನನಗೇನು ಗೊತ್ತಾಗಲ್ವಾ ಎಂದು ಅವನು ಈಗ ಮೆಲ್ವಿನ್‌ನ ಮುಂದೆ ಹಲ್ಲು ಕಡಿಯುತ್ತಿದ್ದ. ಅದೇ ಹೊತ್ತಿಗೆ ತೆಯೊಫಿಲೊನನ್ನು ನ್ಯಾಯಾಲಯಕ್ಕೆ ಒಯ್ಯಲು ಹೊರಗೆ ತಂದರು. ಬಾಗಿಲಲ್ಲಿ ಇಬ್ಬರೂ ಎದುರಾದರು. ತೆಯೊಫಿಲೊ ಯಾರೋ ಪೊಲೀಸಿನವರಿರಬೇಕೆಂದು ದಾರಿ ಬಿಟ್ಟು ನಿಂತ.

ಒಬ್ದುಲಿಯೊ ಅವನ ಕಣ್ಣಿನ ಮುಂದೆ ಕೈ ಆಡಿಸಿದ. ಕಣ್ಣು ಮಿಟುಕಲಿಲ್ಲ. ಕೊಂಪಾದ್ರೆಗೆ ಕಣ್ಣಿಲ್ಲ ಎಂಬುದು ಅವನಿಗೂ ಆಗಲೇ ತಿಳಿದದ್ದು.

"ಥೂ, ನಿನ್ನ ಮುಖಕ್ಕೆ," ಎಂದ ಒಬ್ದುಲಿಯೊ. "ಬಾಯಿ ಬಿಟ್ಟು ಹೇಳಿದ್ರೆ ನಾನು ಬಂದು ನಿನ್ನ ಪಕ್ಕ ನಡೀತಿರಲಿಲ್ವಾ?"

ದನಿ ಕೇಳಿ ತೆಯೊಫಿಲೊ ತಡವಿ ಕೈ ಚಾಚಿದ. ಒಬ್ದುಲಿಯೊ ಅವನ ಮೊಣಕೈ ಹಿಡಿದ.

"ಮೆಟ್ಟಿಲಿದೆ. ಕಾಲೆತ್ತಿ ಇಡು."

ಇಡಾನಿಯಾ ಮೆಲ್ವಿನ್‌ಗೆ ತಡೆಯಬೇಡವೆಂದು ಸನ್ನೆ ಮಾಡಿದಳು. ಒಬ್ದುಲಿಯೊ ಅವನನ್ನು ಜೀಪಿನವರೆಗೆ ನಡೆಸಿ, ಒಳಗೆ ಕೂರಿಸಿ, ತಾನು ಹೊರಗಿನಿಂದ ಬಾಗಿಲು ಹಾಕಿದ. ಆಮೇಲೆ ಕೋರ್ಟು ಎಷ್ಟು ಹೊತ್ತಿನವರೆಗೆ ನಡೆಯುತ್ತದೆ, ಅಲ್ಲಿ ಕೂರಲು ಬೆಂಚು ಇದೆಯೇ ಎಂದು ಕೇಳಿದ.